ಜೈಲಿಗೆ ಬದಲು ಚಂದ್ರಮತಿಯ ಜಗುಲಿ

ಹಂಗಾರಕಟ್ಟೆಯಲ್ಲಿ ಹೊಸ ಹಡಗು ನೀರಿಗಿಳಿಯುವಾಗ ಅದರ ಹೊಟ್ಟೆಯೊಳಗೆ ಒಬ್ಬ ಮನುಷ್ಯ ಕುಳಿತಿರುತ್ತಾನೆ. ಹಲಗೆಗಳ ಸಂದಿಗೆ ಹತ್ತಿಯ ಹುರಿ ಬಡಿದು, ಮೇಲೆ ಎಣ್ಣೆ ಮತ್ತು ರಾಳದ ಅಂಟು ಬಳಿದು, ನೀರು ಒಸರದಂತೆ ಮಾಡಿದವನು ಅವನೇ. ಊರಿನವರು ಅವನನ್ನು ಸಂದಿಯವ ಎನ್ನುತ್ತಾರೆ. ಹಡಗು ಹೊಳೆಯಲ್ಲಿ ತೇಲಿ ನಿಂತ ಮೇಲೆ ಅವನು ಒಳಗಿನ ಸಂದಿಗಳನ್ನೆಲ್ಲ ಕೈಯಿಂದ ಸವರಿ ನೋಡಿ, ಮೇಲೆ ಬಂದು, ಎರಡೂ ಅಂಗೈಗಳನ್ನು ಜನರಿಗೆ ತೋರಿಸಬೇಕು. ಅಂಗೈ ಒಣಗಿದ್ದರೆ ಹಡಗಿನ ಯಜಮಾನ ಆ ಕೈಗೆ ಒಂದು ಬಾಟ್ಲಿ ಸಾರಾಯಿ ಕೊಡುತ್ತಾನೆ. ಇದಕ್ಕೆ ಖುಷಿ ಕೊಡುವುದು ಎಂದು ಹೆಸರು. ಸಂದಿಯವ ಕುಡಿಯುವ ಮೊದಲು ಉಳಿದ ಕೆಲಸದವರು ಬಾಯಿಗಿಡುವಂತಿಲ್ಲ. ಪಾನನಿರೋಧ ಬಂದ ಮೇಲೆ ಬಾಟ್ಲಿಗೆ ಹೆಗಲ ಮೇಲಿನ ಬೈರಾಸು ಬಟ್ಟೆ ಸುತ್ತಿ ಕೊಡತೊಡಗಿದರು. ಅದೊಂದನ್ನು ಬಿಟ್ಟರೆ ಕ್ರಮ ಬದಲಾಗಿರಲಿಲ್ಲ.

1963ರಲ್ಲಿ ಅಲ್ಲಿನ ಸಂದಿಯವ ಕುಷ್ಟ ಪೂಜಾರಿ. ಇನ್ನೊಮ್ಮೆ ಕುಡಿದರೆ ಅವನು ಜೈಲಿಗೆ ಹೋಗಬೇಕೆಂದು ಕುಂದಾಪುರದ ಕೋರ್ಟು ಹೇಳಿತ್ತು. ಜೈಲಿಗೆ ಹೋದರೆ ಅವನು ಬದುಕಿ ಬರುವುದಿಲ್ಲ ಎಂದು ಅವನ ಅಕ್ಕ ಚಂದ್ರಮತಿ ನಂಬಿದ್ದಳು. ಹಾಗೆ ನಂಬಲು ಅವಳಿಗೆ ಕಾರಣವಿತ್ತು.

ಚಂದ್ರಮತಿಯ ಗಂಡ ಐತ ತೆಂಗಿನ ಮರದಿಂದ ಕಳ್ಳು ಇಳಿಸುವವ. ಪಾನನಿರೋಧ ಬಂದಾಗ ಕಸುಬು ಹೋಯಿತು, ಕುಡಿತ ಹೋಗಲಿಲ್ಲ. ಕಳ್ಳು ಸಿಗದಾದಾಗ ಕಳ್ಳಬಟ್ಟಿ ಹಿಡಿದ. 1957ರಲ್ಲಿ, ಮಳೆ ಹಿಡಿಯುವ ಸ್ವಲ್ಪ ಮೊದಲು ಪೊಲೀಸರ ಕೈಗೆ ಸಿಕ್ಕಿಬಿದ್ದ. ಜಿಲ್ಲೆಯ ಹೊರಗಿನ ಒಂದು ಜೈಲಿಗೆ ಕಳಿಸಿದರು. ಅಲ್ಲಿ ಕುಡಿತ ಒಮ್ಮೆಲೇ ನಿಂತಿತು. ಮೈ ನಡುಗಿತು, ಎದುರಿಗೆ ಇಲ್ಲದವರ ಜೊತೆ ಮಾತಾಡತೊಡಗಿದ, ಆಮೇಲೆ ಸೆಳೆತ ಬಂತು. ಸುದ್ದಿ ಹಂಗಾರಕಟ್ಟೆಗೆ ಮುಟ್ಟುವಾಗ ಎಲ್ಲ ಮುಗಿದಿತ್ತು. ಜೈಲಿನವರು ಹೊಡೆದಿರಲಿಲ್ಲ, ಬೈದಿರಲೂ ಇಲ್ಲ. ಅದು ಕಾಯಿಲೆ ಎಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ.

ಅಂದಿನಿಂದ ಅವಳು ಹಡಗು ಕಟ್ಟುವ ಬಯಲಿನ ಪಕ್ಕದ ತನ್ನ ಮನೆಯಲ್ಲಿ ಕೆಲಸದವರಿಗೆ ಮಧ್ಯಾಹ್ನದ ಗಂಜಿ ಮಾರತೊಡಗಿದಳು. ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಮೀನು, ಮಿಡಿ ಉಪ್ಪಿನಕಾಯಿ. ಕುಷ್ಟನೂ ಆ ಮನೆಯವನೇ. ಅವರಲ್ಲಿ ಮನೆ ಹೆಣ್ಣಿನ ಕಡೆಯಿಂದ ಬರುವುದರಿಂದ ಅಕ್ಕನ ಮನೆಯೇ ತಮ್ಮನ ಮನೆ. ಅಪ್ಪನ ಹಾಗೆ ಮರ ಹತ್ತಬೇಕಾಗಿದ್ದ ಹುಡುಗ ಕಳ್ಳಿಗಾಗಿ ಮರ ಹತ್ತುವುದೇ ಅಪರಾಧವಾದಾಗ ಹಡಗಿನ ಬಯಲಿಗೆ ಬಂದು ಈ ಕೆಲಸ ಕಲಿತಿದ್ದ. ಕೈ ಒಳ್ಳೆಯದು. ಸಂಜೆಯಾದರೆ ಅದೇ ಕೈ ಬಾಟ್ಲಿ ಹುಡುಕುತ್ತಿತ್ತು.

ಪಕ್ಕದ ಊರು ಕೋಡಿಯಲ್ಲಿ ಒಂದು ದೋಣಿಯ ರಿಪೇರಿಗೆ ಹೋದಾಗ ಅವನು ಮೂರನೇ ಸಲ ಸಿಕ್ಕಿಬಿದ್ದ. ಪೊಲೀಸರು ಬಂದಾಗ ದೋಣಿಯ ನೆರಳಲ್ಲಿ ನಿದ್ದೆ ಮಾಡುತ್ತಿದ್ದ. ಬಾಟ್ಲಿ ತಲೆಗಿಂಬಾಗಿತ್ತು.

ಕೋರ್ಟಿಗೆ ಚಂದ್ರಮತಿಯ ಜೊತೆ ಬಂದವರು ರತ್ನಾಕರ ಶೆಟ್ಟರು. ಹಂಚು ಹೊತ್ತು ಬೊಂಬಾಯಿಗೆ ಹೋಗುವ ಹಾಯಿಹಡಗುಗಳ ಯಜಮಾನರು. ಅವರ ಹೊಸ ಹಡಗೊಂದು ಆಗ ಬಯಲಿನಲ್ಲಿ ಅರ್ಧ ಕಟ್ಟಿ ನಿಂತಿತ್ತು. ಅದರ ಸಂದಿ ಕಟ್ಟಲು ಕುಷ್ಟನೇ ಬೇಕಾಗಿತ್ತು.

ಮ್ಯಾಜಿಸ್ಟ್ರೇಟರು ಕೇಳಿದರು: “ಇದು ಮೂರನೇ ಸಲ. ಇನ್ನು ದಂಡ ಹಾಕಿ ಬಿಡುವಂತಿಲ್ಲ. ನಿಮ್ಮ ಕಡೆಯವರು ಏನಾದರೂ ಹೇಳುವುದಿದೆಯೇ?”

ಚಂದ್ರಮತಿ ಮುಂದೆ ಬಂದಳು. “ಇತ್ ಸ್ವಾಮಿ. ಇವ್ನ್ ಕುಡುದನ್ನ ಬಿಡ್ಲಿ ಅಂದೇಳಿ ಅಲ್ದಾ ನೀವು ಜೈಲಿಗೆ ಕಳ್ಸುದ್? ನನ್ಗೂ ಅದೇ ಬೇಕಾದ್ದ್. ನನ್ನ ಜಗ್ಲಿಗೆ ಕಳ್ಸಿ. ಡಾಕ್ಟ್ರ್ ಬತ್ರ್, ನಾ ಕಾಯ್ತೆ.”

“ನಿನ್ನ ಜಗುಲಿಗೆ ಬೀಗ ಇದೆಯೇನಮ್ಮ?”

“ಬಾಗ್ಲೇ ಇಲ್ಲೆ ಸ್ವಾಮಿ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ. “ಜೈಲಿನಲ್ಲಾದರೆ ಸರ್ಕಾರ ಊಟ ಹಾಕುತ್ತದೆ. ನಿನ್ನಲ್ಲಿ ಯಾರು ಹಾಕುತ್ತಾರೆ?”

“ಜೈಲಂಗೆ ಇವ್ನಿಗೆ ಹಾಕು ಗಂಜಿನ ನನ್ನಲ್ಲಿಗೆ ಕಳ್ಸುಕೆ ಆತಿಲ್ಯಾ?”

ಅದಕ್ಕೆ ಕಾನೂನಿನಲ್ಲಿ ದಾರಿ ಇರಲಿಲ್ಲ. ಆದರೆ ಅಪರಾಧಿಯನ್ನು ಒಬ್ಬರ ಉಸ್ತುವಾರಿಯಲ್ಲಿ, ಮುಚ್ಚಳಿಕೆಯ ಮೇಲೆ, ಒಂದು ವರ್ಷ ಹೊರಗಿಡಲು ದಾರಿ ಇತ್ತು. ಮ್ಯಾಜಿಸ್ಟ್ರೇಟರು ಅದನ್ನೇ ಹಿಡಿದರು. ಕುಷ್ಟ ಒಂದು ಸಲವೂ ಕುಡಿಯಕೂಡದು. ಅವನ ಊಟ, ಔಷಧಿ, ಕೆಲಸ ಎಲ್ಲವೂ ಚಂದ್ರಮತಿಯ ಕಣ್ಣಳತೆಯಲ್ಲಿ ನಡೆಯಬೇಕು. ನಡೆಸಲು ಅವಳಿಂದ ಆಗದಿದ್ದರೆ ತಾನೇ ಬಂದು ಹೇಳಬೇಕು. ಹೇಳಿದ ದಿನ ಕುಷ್ಟ ಜೈಲಿಗೆ. ರತ್ನಾಕರ ಶೆಟ್ಟರು ಜಾಮೀನು ನಿಂತರು.

ಹೊರಗೆ ಬಂದು ಶೆಟ್ಟರು ಹೇಳಿದರು: “ನನ್ನ ಹಡ್ಗ್ ನೀರಿಗಿಳು ವರೆಗಾದ್ರೂ ಬಾಯಿ ಮುಚ್ಕಂಡ್ ಇರ್ ಮಾರಾಯ.”

“ಬಾಯಿ ಮುಚ್ಚಿರೆ ಅಕ್ಕನ ಗಂಜಿ ಹ್ಯಾಂಗ್ ಉಂಬುದ್ ಒಡ್ಯಾ?” ಎಂದ ಕುಷ್ಟ. ಹಾಗೆ ಹೇಳುವಾಗ ಅವನ ಕೈ ಆಗಲೇ ನಡುಗತೊಡಗಿತ್ತು.

ಸಾಲಿಗ್ರಾಮದಲ್ಲಿ ಸಣ್ಣ ದವಾಖಾನೆ ಇಟ್ಟುಕೊಂಡಿದ್ದ ಡಾಕ್ಟರ್ ಪ್ರೇಮಾನಂದ ಅವತ್ತೇ ಬಂದರು. ನಡುಕ ತಗ್ಗಿಸುವ ಮಾತ್ರೆ ಕೊಟ್ಟು, ದಿನ ಹೋದಂತೆ ಅದನ್ನು ಹೇಗೆ ಕಡಿಮೆ ಮಾಡಬೇಕೆಂದು ಚಂದ್ರಮತಿಗೆ ತಿಳಿಸಿದರು. ಗಂಜಿಯ ತೆಳಿಗೆ ಉಪ್ಪು ಹಾಕಿ ಕುಡಿಸುತ್ತಿರಬೇಕು, ಬೆಲ್ಲದ ನೀರು ಕೊಡಬೇಕು, ಸೆಳೆತ ಬಂದರೆ ಮಗ್ಗುಲಿಗೆ ಹೊರಳಿಸಿ ಕೂಡಲೇ ಜನ ಕಳಿಸಬೇಕು. ಮೊದಲ ವಾರ ದಾಟಿದರೆ ಜೀವಕ್ಕೆ ಭಯವಿಲ್ಲ ಎಂದರು. ಐತನಿಗೆ ಸಿಗದಿದ್ದದ್ದು ಈ ಒಂದು ವಾರ ಎಂದು ಚಂದ್ರಮತಿಗೆ ಆಗ ತಿಳಿಯಿತು.

ಆ ವಾರ ಮಳೆ ಬಿಡಲಿಲ್ಲ. ಒಂದು ಮಧ್ಯಾಹ್ನ ಕುಷ್ಟ ಜಗುಲಿಯ ಮೂಲೆಗೆ ಸರಿದು ಗೋಡೆಯನ್ನೇ ನೋಡುತ್ತಿದ್ದ.

“ಅಕ್ಕ, ಏಡಿ.”

ಗೋಡೆಯ ಮೇಲೆ ಏನೂ ಇರಲಿಲ್ಲ. ಚಂದ್ರಮತಿ ಇಲ್ಲ ಎನ್ನಲಿಲ್ಲ. ಹಿಡಿಸೂಡಿ ತಂದು, ಗೋಡೆಯನ್ನು ಆ ತುದಿಯಿಂದ ಈ ತುದಿಯವರೆಗೆ ಗುಡಿಸಿ, ಇಲ್ಲದ ಏಡಿಗಳನ್ನು ಅಂಗಳದ ಮಳೆಗೆ ತಳ್ಳಿದಳು.

“ಹೋಯ್ತಾ ಕಾಣ್.”

“ಅಲ್ಲೊಂದ್ ಇತ್. ಸಣ್ಣದ್.”

ಅವಳು ಆ ಸಣ್ಣದನ್ನೂ ಗುಡಿಸಿದಳು. ಕುಷ್ಟ ಗೋಡೆಗೆ ಬೆನ್ನು ಕೊಟ್ಟು ಕೂತ. ಸ್ವಲ್ಪ ಹೊತ್ತಿಗೆ ನಿದ್ದೆ ಬಂತು. ಹಿಡಿಸೂಡಿ ಆ ವಾರವಿಡೀ ಅವನ ತಲೆಯ ಹತ್ತಿರವೇ ಇತ್ತು.

ನಡುಕ ತಗ್ಗಿದಾಗ ಅವಳು ಅವನ ಮುಂದೆ ಹತ್ತಿಯ ಬುಟ್ಟಿ ಇಟ್ಟಳು. ಸಂದಿಗೆ ಬಡಿಯುವ ಹುರಿಯನ್ನು ತೊಡೆಯ ಮೇಲೆ ಹೊಸೆಯುವುದು ಮಳೆಗಾಲದ ಕೆಲಸ. ಮೊದಲ ದಿನಗಳ ಹುರಿ ಗಂಟುಗಂಟಾಗಿ ಬಂತು. ಅವಳು ಅದನ್ನು ಬಿಚ್ಚಿ ಮತ್ತೆ ಬುಟ್ಟಿಗೆ ಹಾಕುತ್ತಿದ್ದಳು. ಮಳೆ ಜೋರಿನ ಆಟಿ ತಿಂಗಳು ಮುಗಿಯುವಾಗ ಹುರಿ ಸಮನಾಯಿತು. ಕುಷ್ಟ ಬಯಲಿಗೆ ಕೆಲಸಕ್ಕೆ ಇಳಿದ.

ಆಮೇಲೆ ಕೋರ್ಟಿನಿಂದ ಮತ್ತೊಬ್ಬ ಬಂದ. ಹೆಮ್ಮಾಡಿಯ ಎತ್ತಿನಗಾಡಿಯವ ಮುತ್ತು. ಕುಷ್ಟ ಸರಿಯಾದದ್ದನ್ನು ನೋಡಿ ಮ್ಯಾಜಿಸ್ಟ್ರೇಟರೇ ಕಳಿಸಿದ್ದರು. ಅವನ ಹಿಂದೆ ಕೋಡಿಯ ಒಬ್ಬ ಬಲೆಯವನೂ ಬಂದ. ಇಬ್ಬರೂ ಜಗುಲಿಯಲ್ಲಿ ಕೂತು ಹುರಿ ಹೊಸೆದರು. ಹಡಗಿನ ಹಿರಿಯ ಬಡಗಿ ಶೇಖರ ಆಚಾರಿ ಗಂಜಿಗೆ ಬಂದಾಗಲೆಲ್ಲ ಅವರನ್ನು ಕೆಣಕುತ್ತಿದ್ದ.

“ಚಂದ್ರಮತಿಯಕ್ಕ, ಕುಡುಕ್ರ್ ಹೊಸ್ದ್ ಹುರಿ ಹಾಕಿರೆ ಹಡ್ಗ್ ಬೊಂಬಾಯಿಗೆ ನೆಟ್ಟಗೆ ಹೋತ್ತಾ, ವಾಲಾಡ್ತಾ ಹೋತ್ತಾ?”

“ನೀ ಹಲ್ಗಿ ಕೂಡ್ಸದ್ದ್ ನೆಟ್ಟಗಿದ್ರೆ ಹುರಿ ನೆಟ್ಟಗೇ ಇರತ್ ಆಚಾರಿ. ಮೀನ್ ಬೇಕಾ?”

ಮುತ್ತು ಬುಟ್ಟಿಯಿಂದ ತಲೆ ಎತ್ತದೆ ಹೇಳಿದ: “ನನ್ನ ಹುರಿ ಹೆಮ್ಮಾಡಿವರೆಗೆ ಸರಿಯಾಯೇ ಹೋತ್ತ್. ಅಲ್ಲಿಂದ ಮುಂದೆ ನಂಗ್ ದಾರಿ ಗೊತ್ತಿಲ್ಲೆ.”

ನಗುವಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಅಕ್ಕಿಗೆ. ಮಳೆಗಾಲದಲ್ಲಿ ಬಯಲಿನ ಕೆಲಸ ಹೆಚ್ಚು ದಿನ ನಡೆದಿರಲಿಲ್ಲ, ಗಂಜಿ ಕೊಳ್ಳುವವರು ಕಡಿಮೆ, ಆದರೆ ಜಗುಲಿಯಲ್ಲಿ ಉಣ್ಣುವವರಿದ್ದರು. ಕುಡಿತ ಬಿಟ್ಟವನ ಹಸಿವು ಎರಡು ಆಳಿನ ಹಸಿವು. ಚಂದ್ರಮತಿ ಪಂಚಾಯತಿಗೆ ಹೋದಳು. ಬಹಳ ಒಳ್ಳೆಯ ಕೆಲಸ ಎಂದರು. ದೇವಸ್ಥಾನದ ಮೊಕ್ತೇಸರರ ಹತ್ತಿರ ಹೋದಳು. ಅವರೂ ಒಳ್ಳೆಯ ಕೆಲಸ ಎಂದರು. ಮ್ಯಾಜಿಸ್ಟ್ರೇಟರು ಮೇಲಿನವರಿಗೆ ತಾವೇ ಬರೆದರು. ಕೈದಿಗೆ ಊಟ ಹಾಕಬಹುದು, ಜೈಲಿಗೆ ಹೋಗದವನಿಗೆ ಹಾಕಲು ಅವಕಾಶವಿಲ್ಲ ಎಂದು ಉತ್ತರ ಬಂತು. ನವರಾತ್ರಿಯ ಹೊತ್ತಿಗೆ ಚಂದ್ರಮತಿ ತನಗಿದ್ದ ಎರಡು ಎಮ್ಮೆಗಳಲ್ಲಿ ಒಂದನ್ನು ಮಾರಿದ್ದಳು. ಕೋರ್ಟಿನ ಮುಂದಿನ ವಾಯಿದೆಗೆ ಹೋಗಿ ತನ್ನಿಂದ ಆಗುವುದಿಲ್ಲ ಎಂದು ಹೇಳಬೇಕಾಗುತ್ತದೆ ಎಂಬ ಲೆಕ್ಕಕ್ಕೆ ಬಂದಿದ್ದಳು. ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಆ ವಾಯಿದೆಗೆ ಮೊದಲು, ದೀಪಾವಳಿ ಕಳೆದ ಮೇಲೆ, ಶೆಟ್ಟರ ಹಡಗು ನೀರಿಗಿಳಿಯುವ ದಿನ ಗೊತ್ತಾಯಿತು. ಚಂದ್ರಮತಿ ಅವರ ಮನೆಗೆ ಹೋಗಿ ಅಂಗಳದಲ್ಲಿ ನಿಂತಳು. ಶೆಟ್ಟರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು.

“ಒಡ್ಯಾ, ಆ ದಿನ ಬಾಟ್ಲಿ ಬ್ಯಾಡ.”

“ನಾನೂ ಅದನ್ನೇ ಎಣಿಸ್ತಾ ಇದ್ದೆ ಚಂದ್ರಮತಿ. ಕೊಡ್ದೇ ಇದ್ರೆ ಊರ್ ಎಂತ ಹೇಳತ್? ಸಂದಿ ಸಮ ಆಯ್ಲಿಲ್ಲೆ, ಅದ್ಕೇ ಖುಷಿ ಕೊಡ್ಲಿಲ್ಲೆ ಅಂತ್ ಹೇಳತ್. ನಾಳೆಯಿಂದ ಅವ್ನನ್ನ ಕೆಲ್ಸಕ್ಕೆ ಯಾರ್ ಕರಿತ್ರ್?”

“ಕುಡ್ದ ಅಂತ್ ಗೊತ್ತಾರೆ ಕೋರ್ಟ್ ಕರಿತ್ತ್.”

“ಚೂರ್ ತುಟಿಗೆ ಮುಟ್ಸಿರೆ ಸಾಕ್. ಕೋರ್ಟಿಗೆ ಯಾರ್ ಹೋಯಿ ಹೇಳ್ತ್ರ್?”

“ಅವ್ನ್ ತುಟಿಗೆ ಚೂರ್ ಅಂಬುದ್ ಇಲ್ಲೆ ಒಡ್ಯಾ.”

ಶೆಟ್ಟರು ಎಲೆ ಮಡಚಿ ಬಾಯಿಗಿಟ್ಟುಕೊಂಡರು. ಅವರದು ಕೆಟ್ಟ ಮನಸ್ಸಲ್ಲ. ಕುಷ್ಟ ಕುಡಿಯುವುದಿಲ್ಲ ಎಂದು ಜಾಮೀನು ನಿಂತವರೂ ಅವರೇ, ಅವನಿಗಾಗಿ ಬಾಟ್ಲಿ ತರಿಸಿಟ್ಟವರೂ ಅವರೇ. ಎರಡನ್ನೂ ಅವನ ಮರ್ಯಾದೆಗಾಗಿ ಮಾಡಿದ್ದರು. ಎರಡರ ನಡುವೆ ವಿರೋಧವಿದೆ ಎಂದು ಹಡಗು ಕಟ್ಟಿಸುವ ಯಾವ ಯಜಮಾನನಿಗೂ ಅಲ್ಲಿಯವರೆಗೆ ಅನಿಸಿರಲಿಲ್ಲ.

ಮನೆಗೆ ಬಂದು ಅವಳು ತಮ್ಮನಿಗೆ ಹೇಳಿದಳು: “ಆ ದಿನ ಒಳ್ಗೆ ಬೇರೆ ಯಾರಾರೂ ಕೂಕಣ್ಲಿ.”

“ನಾ ಕಟ್ಟಿದ್ ಸಂದಿ ಅಕ್ಕ. ನಾನೇ ಹೋಯ್ಕ್.”

“ಮತ್ತೆ ಬಾಟ್ಲಿ?”

ಕುಷ್ಟ ಹುರಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. “ಗೊತ್ತಿಲ್ಲೆ” ಎಂದ.

ಅವಳು ಆಣೆ ಹಾಕಿಸಲಿಲ್ಲ. ಆಣೆಗಳನ್ನು ಐತನ ಕಾಲದಲ್ಲಿ ಹಾಕಿಸಿ ನೋಡಿದ್ದಳು.

ಹೊಳೆಗೆ ಭರತ ಏರಿ ನೀರು ಉಬ್ಬುವ ಹೊತ್ತಿಗೆ, ಬೆಳಿಗ್ಗೆ, ಊರು ಬಯಲಿನಲ್ಲಿ ಸೇರಿತು. ಹಡಗಿನ ಅಡಿಗೆ ತೆಂಗಿನ ಕಾಂಡಗಳನ್ನು ಹಾಸಿದ್ದರು. ಮುತ್ತುವೂ ಕೋಡಿಯವನೂ ಹಗ್ಗ ಹಿಡಿದವರ ಸಾಲಿನಲ್ಲಿದ್ದರು. ಚಂದ್ರಮತಿ ಗಂಜಿಯ ದೊಡ್ಡ ಪಾತ್ರೆಯನ್ನು ತಂದು ಮರಳಿನ ಮೇಲಿಟ್ಟು ಅದರ ಪಕ್ಕದಲ್ಲಿ ನಿಂತಿದ್ದಳು. ಕೆಲಸದವರಿಗೆ ಮಧ್ಯಾಹ್ನ ಮನೆಯಲ್ಲಿ ತೆರೆಯುತ್ತಿದ್ದ ಪಾತ್ರೆ ಆ ದಿನ ಬೆಳಿಗ್ಗೆಯೇ ಬಯಲಿಗೆ ಬಂದದ್ದನ್ನು ಶೇಖರ ಆಚಾರಿ ಗಮನಿಸಿದ.

ಹಗ್ಗ ಎಳೆದರು. ಹಡಗು ನರಳುತ್ತ ಜಾರಿ, ಮುಂಭಾಗ ಮುಳುಗಿ ಎದ್ದು, ಹೊಳೆಯಲ್ಲಿ ನಿಂತಿತು. ಕೂಗು ಅಡಗಿತು. ಈಗ ಎಲ್ಲರೂ ಒಳಗಿನ ಮನುಷ್ಯನಿಗಾಗಿ ಕಾಯಬೇಕು.

ಒಳಗೆ ಕುಷ್ಟ ಸಂದಿಯಿಂದ ಸಂದಿಗೆ ಕೈ ಆಡಿಸುತ್ತ ಹೋದ. ಹಿಂಭಾಗದಲ್ಲಿ ಒಂದು ಕಡೆ ಬೆವರಿದ ಹಾಗೆ ತೇವ ಕಂಡಿತು. ಅವನು ಅಲ್ಲಿ ಕೂತ. ಹೊಸ ಮರ ನೀರು ಕುಡಿದು ಹಿಗ್ಗಿದಾಗ ಹುರಿ ಬಿಗಿಯಾಗಬೇಕು. ಒರೆಸಿದ, ಕಾದ, ಮತ್ತೆ ಮುಟ್ಟಿದ.

“ಹ್ವಾಯ್ ಕುಷ್ಟ, ಮಲ್ಕಂಡ್ಯಾ ಎಂತ?” ದಡದಿಂದ ಆಚಾರಿ ಕೂಗಿದ.

“ನಿನ್ನ ಹಲ್ಗಿ ಮಾತಾಡ್ತಿತ್. ಕೇಂತಾ ಇದ್ದೆ,” ಒಳಗಿನಿಂದ ಉತ್ತರ ಬಂತು.

ಮೂರನೆಯ ಸಲ ಒರೆಸಿದ ಮೇಲೆ ತೇವ ಬರಲಿಲ್ಲ. ಅವನು ಮೇಲೆ ಬಂದು ಎರಡೂ ಅಂಗೈ ಎತ್ತಿ ತೋರಿಸಿದ. ಜನ ಕೂಗಿದರು. ಚಂದ್ರಮತಿ ನೋಡಿದ್ದು ಅಂಗೈ ಒಣಗಿದೆಯೇ ಎಂದಲ್ಲ. ಬೆರಳು ನಡುಗುತ್ತಿರಲಿಲ್ಲ.

ಸಣ್ಣ ದೋಣಿಯಲ್ಲಿ ದಡಕ್ಕೆ ಬಂದ ಅವನ ಕೈಗೆ ಶೆಟ್ಟರು ಬೈರಾಸು ಸುತ್ತಿದ ಬಾಟ್ಲಿ ಇಟ್ಟರು. “ಖುಷಿ” ಎಂದರು. ಆಮೇಲೆ ಸಣ್ಣ ದನಿಯಲ್ಲಿ, “ಚೂರ್ ಸಾಕ್.”

ಯಜಮಾನ ಕೊಟ್ಟದ್ದನ್ನು ಸಂದಿಯವ ಬೇಡ ಎನ್ನುವಂತಿಲ್ಲ. ಕುಷ್ಟ ಎರಡೂ ಕೈಯಲ್ಲಿ ತೆಗೆದುಕೊಂಡ. ಬೈರಾಸು ಸರಿಸಿ ಬೂಚು ಕಿತ್ತ. ವಾಸನೆ ಅವನ ಮುಖಕ್ಕೆ ಬಂದದ್ದು ಅಲ್ಲಿ ನಿಂತವರಿಗೆ ಕಂಡಿತು. ಚಂದ್ರಮತಿ ಅವನನ್ನು ಕರೆಯಲಿಲ್ಲ. ಪಾತ್ರೆಯ ಮುಚ್ಚಳ ತೆಗೆದಳು, ಅಷ್ಟೆ.

ಕುಷ್ಟ ಬೂಚು ಮತ್ತೆ ಹಾಕಿದ. ಮರಳಿನ ಮೇಲೆ ನಡೆದು ಬಂದು, ಬಾಟ್ಲಿಯನ್ನು ಪಾತ್ರೆಯ ಪಕ್ಕದಲ್ಲಿ ಇಟ್ಟು, ಕುಕ್ಕರಗಾಲಲ್ಲಿ ಕೂತ.

“ಹಸು ಆತಿತ್ ಅಕ್ಕ. ತೆಳಿ ಕೊಡ್.”

ಅವಳು ಬಟ್ಟಲಿಗೆ ಗಂಜಿಯ ತೆಳಿ ಬಗ್ಗಿಸಿ ಉಪ್ಪು ಹಾಕಿ ಕೊಟ್ಟಳು. ಅವನು ಒಂದೇ ಉಸಿರಿಗೆ ಕುಡಿದು ಬಟ್ಟಲು ಕೆಳಗಿಟ್ಟ.

ಶೇಖರ ಆಚಾರಿ ಮೊದಲು ಮಾತಾಡಿದ. “ಸಂದಿಯವ ಕುಡ್ದ್ ಆಯ್ತ್. ಎಂತ ಕುಡೀಕ್ ಅಂತ್ ಯಾರೂ ಕ್ರಮ ಮಾಡ್ಲಿಲ್ಲೆ ಅಲ್ದಾ?”

ಯಾರೋ ನಕ್ಕರು, ಆಮೇಲೆ ಎಲ್ಲರೂ. ಉಳಿದ ಕೆಲಸದವರು ಆ ದಿನ ತಮ್ಮ ಪಾಲು ಕುಡಿದರು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಶೆಟ್ಟರು ಮಾತ್ರ ನಗದೆ ನಿಂತಿದ್ದರು. ಚಂದ್ರಮತಿ ಬಾಟ್ಲಿ ತೆಗೆದುಕೊಂಡು ಹೋಗಿ ಅವರ ಮುಂದೆ ಹಿಡಿದಳು.

“ಖುಷಿ ಬ್ಯಾಡ ಅಂತ್ ಹೇಳ್ತಿಲ್ಲೆ ಒಡ್ಯಾ. ಇದ್ರ ಬದ್ಲಿಗೆ ಅಕ್ಕಿ ಕಳ್ಸಿ. ಹಡ್ಗಿಗ್ ಒಂದ್ ಮುಡಿ.”

“ಒಂದ್ ಬಾಟ್ಲಿಗೆ ಒಂದ್ ಮುಡಿ ಅಕ್ಕಿಯಾ? ಯಾವ ಸಂತೆಯಂಗೆ ಈ ಲೆಕ್ಕ?”

“ಬಾಟ್ಲಿ ಒಬ್ನಿಗೆ. ಅಕ್ಕಿ ಜಗ್ಲಿ ಮೇಲಿದ್ ಎಲ್ರಿಗೂ. ಇದ್ರ ಹುರಿ ಹೊಸ್ದದ್ ಅವ್ರೇ ಅಲ್ದಾ?”

ಶೆಟ್ಟರು ನೀರಿನ ಮೇಲೆ ನಿಂತ ಹಡಗನ್ನು ನೋಡಿದರು. ಅದು ವಾಲುತ್ತಿರಲಿಲ್ಲ. ತಾನು ಇಷ್ಟು ಹೊತ್ತು ಏನು ಮಾಡಲು ಹೊರಟಿದ್ದೆ ಎಂಬುದು ಆಗ ಅವರಿಗೆ ಹೊಳೆದಿರಬೇಕು, ಏಕೆಂದರೆ ಮತ್ತೆ ಚೌಕಾಶಿ ಮಾಡಲಿಲ್ಲ. “ಸಂಜಿಗೆ ಗಾಡಿ ಬತ್ತ್” ಎಂದರು. ಒಣ ಹುಲ್ಲು ಸುತ್ತಿ ಬಿಗಿದ ಮುಡಿ ಸಂಜೆ ಬಂತು. ಅದನ್ನು ಗಾಡಿಯಿಂದ ಇಳಿಸಿದವನು ಮುತ್ತು.

ಮುಂದಿನ ವಾಯಿದೆಗೆ ಮ್ಯಾಜಿಸ್ಟ್ರೇಟರು ಕೇಳಿದರು: “ಊಟಕ್ಕೆ ಏನು ಮಾಡಿಕೊಂಡೆಯಮ್ಮ?”

“ಹಡ್ಗ್ ಹಾಕ್ತ್ ಸ್ವಾಮಿ.”

ಹೇಗೆ ಎಂದು ಅವಳು ವಿವರಿಸಿದಾಗ ಅವರು ಸ್ವಲ್ಪ ನಕ್ಕರು ಎಂದು ಶೆಟ್ಟರು ಆಮೇಲೆ ಹೇಳಿಕೊಂಡು ತಿರುಗುತ್ತಿದ್ದರು. ಒಬ್ಬ ಯಜಮಾನ ಕೊಟ್ಟ ಮೇಲೆ ಇನ್ನೊಬ್ಬ ಕೊಡದಿದ್ದರೆ ಅವನ ಹಡಗಿನ ಮರ್ಯಾದೆಗೆ ಕಡಿಮೆ. ಹಾಗಾಗಿ ಅಕ್ಕಿ ಬರುತ್ತ ಹೋಯಿತು. ಕೋಡಿಯ ದೋಣಿಗಳವರು ಮುಡಿ ಕೊಡಲಾಗದೆ ಒಣಮೀನು ಕಳಿಸಿದರು. ಮಾರಿದ ಎಮ್ಮೆ ಮಾತ್ರ ವಾಪಸು ಬರಲಿಲ್ಲ.

ಜಗುಲಿಗೆ ಬಂದವರೆಲ್ಲ ಸರಿಯಾದರು ಎಂದೇನಿಲ್ಲ. ಮುತ್ತು ಮರುವರ್ಷ ಓಡಿಹೋಗಿ, ಸಿಕ್ಕಿಬಿದ್ದು, ಜೈಲಿಗೂ ಹೋದ. ಬಿಡುಗಡೆಯಾದ ದಿನ ನೇರ ಹಂಗಾರಕಟ್ಟೆಗೆ ಬಂದು, “ಅಲ್ಲಿ ಗಂಜಿಗೆ ಉಪ್ಪಿಲ್ಲೆ ಅಕ್ಕ” ಎಂದು ಜಗುಲಿ ಹತ್ತಿದ. ಕುಷ್ಟನ ಒಂದು ವರ್ಷ ಜೈಲಿಲ್ಲದೆ ಮುಗಿಯಿತು. 1965ರಲ್ಲಿ ಒಮ್ಮೆ ಅವನು ಕುಡಿದು ಬಂದ. ಆಗ ಮುಚ್ಚಳಿಕೆ ಇರಲಿಲ್ಲ, ಪೊಲೀಸರ ಕಣ್ಣಿಗೂ ಬೀಳಲಿಲ್ಲ. ಮರುದಿನ ತಾನಾಗಿಯೇ ಮೂಲೆಯಲ್ಲಿ ಕೂತು ಹತ್ತಿಯ ಬುಟ್ಟಿ ಎಳೆದುಕೊಂಡ. ಚಂದ್ರಮತಿ ಹಿಡಿಸೂಡಿ ತಂದು ಗೋಡೆಗೆ ಒರಗಿಸಿದಳು.

ಆಮೇಲೆ ಪಾನನಿರೋಧವೇ ಹೋಯಿತು. ದೋಣಿ ದಾಟುವ ಕಡವಿನ ಹತ್ತಿರ ಸಾರಾಯಿ ಗಡಂಗು ತೆರೆಯಿತು. ಕುಡಿದವನನ್ನು ಹಿಡಿಯುವವರಿಲ್ಲ, ಕೋರ್ಟಿನಿಂದ ಕಳಿಸುವವರಿಲ್ಲ. ಇನ್ನು ಜಗುಲಿ ಖಾಲಿ ಎಂದು ಊರು ಎಣಿಸಿತು. ಇನ್ನೂ ಮುಡಿ ಕಳಿಸಬೇಕೇ ಎಂದು ಒಬ್ಬಿಬ್ಬರು ಯಜಮಾನರು ಜನ ಕಳಿಸಿ ಕೇಳಿಸಿದರು.

1969ರ ಮಳೆಗಾಲದಲ್ಲಿ ಒಂದು ಮಧ್ಯಾಹ್ನ, ಬಾರಕೂರು ಕಡೆಯ ಒಬ್ಬ ನಡುವಯಸ್ಸಿನವನು ಕಡವು ದಾಟಿ ಬಂದು ಅಂಗಳದಲ್ಲಿ ನಿಂತ. ಒದ್ದೆಯಾಗಿದ್ದ. ಕೈಗಳನ್ನು ಕಂಕುಳಲ್ಲಿ ಅವಚಿಕೊಂಡಿದ್ದ.

“ನಂಗೆ ಕೋರ್ಟಿನ ಚೀಟಿ ಇಲ್ಲೆ ಅಕ್ಕ” ಎಂದ.

“ಚೀಟಿ ಗಂಜಿ ಉಂತಿಲ್ಲೆ. ನೀ ಉಂಡ್ಯಾ?”

ಅವನು ಇಲ್ಲ ಎಂದು ತಲೆಯಾಡಿಸಿದ. ಚಂದ್ರಮತಿ ಒಳಗೆ ಹೋದಳು. ಮೂಲೆಯಲ್ಲಿ ಹುರಿ ಹೊಸೆಯುತ್ತಿದ್ದ ಕುಷ್ಟ ಸ್ವಲ್ಪ ಸರಿದು ಜಾಗ ಮಾಡಿ, ಹತ್ತಿಯ ಬುಟ್ಟಿಯನ್ನು ಇಬ್ಬರ ನಡುವೆ ಇಟ್ಟ.